ಪಟ್ಟಿಯಲ್ಲಿಲ್ಲದವರ ಗೆರೆ

ಅಡಿವೆಪ್ಪನವರು ತಂದ ಪಟ್ಟಿಯಲ್ಲಿ ಆರು ಹೆಸರುಗಳಿದ್ದವು. ಹೆಂಡತಿ ಚಂಪವ್ವ, ಮಗಳು, ಗಡ್ಡ ಹೆರೆದ ಹುಸೇನಿ, ತರಕಾರಿ ಸಂತೆಯಲ್ಲಿ ತಕ್ಕಡಿ ಹಿಡಿಯುವ ಇಬ್ಬರು, ಸೋಮವಾರ ಬೆಳಿಗ್ಗೆ ಅವರನ್ನು ಆಸ್ಪತ್ರೆಗೆ ಕರೆತಂದ ಟಾಂಗಾದವನು. ಮೂರು ದಿನಗಳಲ್ಲಿ ತಮ್ಮ ಮೈಗೆ ತಾಗಿದವರು ಇಷ್ಟೇ ಜನ ಎಂದು ಕೆಳಗೆ ಅವರೇ ಸಹಿ ಮಾಡಿದ್ದರು. ಆರೂ ಜನ ಒಬ್ಬೊಬ್ಬರಾಗಿ ಬಂದು ನಮ್ಮ ಆಸ್ಪತ್ರೆಯ ಕುರ್ಚಿಯಲ್ಲಿ ಹತ್ತು ಹತ್ತು ನಿಮಿಷ ಕೂತು ತಮ್ಮ ಗೆರೆ ಕೊಟ್ಟು ಹೋದರು. ನಾನು ಆ ಆರು ಗೆರೆಗಳನ್ನೂ ಅಡಿವೆಪ್ಪನವರ ಹಾಳೆಯಿಂದ ಅಳಿಸಿದೆ. ಮಂಗಳವಾರ ಸಂಜೆ ಹಾಳೆಯ ಮೂಲೆಯಲ್ಲಿ ‘ಸ್ವಚ್ಛ’ ಎಂದು ಬರೆದು ಸಹಿ ಹಾಕಿದೆ. ಮನೆಗೆ ಹೋಗಿ ಡೈರಿಯಲ್ಲೂ ಇಷ್ಟನ್ನೇ ಬರೆದು ಪೆನ್ನಿನ ಮುಚ್ಚಳ ಹಾಕುವಾಗ ಕೈ ನಿಂತುಬಿಟ್ಟಿತು. ಆ ಹಾಳೆಯಲ್ಲಿ ನಾನು ನೋಡಿಯೂ ನೋಡದೆ ಬಿಟ್ಟದ್ದು ಏನೋ ಇತ್ತು.

ನಮ್ಮ ಊರಿನಲ್ಲಿ ಒಬ್ಬರ ಬರಿಮೈ ಇನ್ನೊಬ್ಬರಿಗೆ ತಾಗಿದರೆ ಅವರ ತಲೆಯೊಳಗಿನ ಅಲೆ ಇವರಲ್ಲೂ, ಇವರದು ಅವರಲ್ಲೂ ಮೂರು ದಿನ ಓಡುತ್ತದೆ. ಯಾರಿಗೂ ಏನೂ ಅನ್ನಿಸುವುದಿಲ್ಲ. ತಲೆಗೆ ತಂತಿ ಹಚ್ಚಿ ಹಾಳೆ ಓಡಿಸಿದಾಗ ಮಾತ್ರ ಗೆರೆಯಾಗಿ ಕಾಣುತ್ತದೆ. ದಿನದಿನಕ್ಕೆ ಸಮನಾಗಿ ಇಳಿಯುತ್ತಾ ಮೂರನೆಯ ದಿನ ಮುಗಿದುಹೋಗುತ್ತದೆ, ಮೂರನೆಯವರಿಗೆ ದಾಟುವುದಿಲ್ಲ. ಬಸ್ಸಿನ ಕಂಡಕ್ಟರು ಟಿಕೇಟನ್ನು ಸೀಳಿದ ಬಿದಿರಿನ ತುದಿಗೆ ಸಿಕ್ಕಿಸಿ ಕೊಡುತ್ತಾನೆ. ಸೊಸೆ ತವರಿಗೆ ಹೋಗಿದ್ದಳೋ ಇಲ್ಲವೋ ಎಂಬ ಜಗಳ ಎದ್ದಾಗ ಅತ್ತೆಯಂದಿರು ಆಸ್ಪತ್ರೆಗೆ ಬಂದು ಹಾಳೆ ಓಡಿಸಿ ಎಂದು ಕೂರುವುದೂ ಉಂಟು, ತಂತಿ ಹಚ್ಚುವ ಲಾಲಸಾಬ ಅವರನ್ನು ಗದರಿಸಿ ಕಳಿಸುವುದೂ ಉಂಟು. ಕೂಸುಗಳ ತಲೆಗೆ ನಾವು ತಂತಿಯನ್ನೇ ಹಚ್ಚುವುದಿಲ್ಲ. ಎತ್ತಿಕೊಂಡವರೆಲ್ಲರ ಗೆರೆ ಸೇರಿ ಹಾಳೆ ಕಪ್ಪಗಾಗುತ್ತದೆ. ಪಂಚಮಿ ಹಬ್ಬದ ವಾರ ಊರಿನ ಅಷ್ಟೂ ಹೆಂಗಸರ ತಲೆಯಲ್ಲಿ ಬಳೆಗಾರ್ತಿ ಬೂಬಮ್ಮನ ಗೆರೆ ಓಡುತ್ತಿರುತ್ತದೆ. ಸಣ್ಣ ಸಣ್ಣ ಏರು, ನಡುವೆ ಒಂದು ಉದ್ದನೆಯ ಇಳಿಜಾರು. ಆಕೆ ನನ್ನ ಕೈಗೆ ಎಂದೂ ಬಳೆ ತೊಡಿಸಿಲ್ಲ, ಆದರೂ ಆಕೆಯ ಗೆರೆಯನ್ನು ನಿದ್ದೆಗಣ್ಣಿನಲ್ಲೂ ಗುರುತಿಸಬಲ್ಲೆ.

ಬಿ.ಎಸ್ಸಿ. ಮುಗಿಸಿದ ವರ್ಷವೇ ಈ ಕೆಲಸಕ್ಕೆ ಸೇರಿದೆ. ಮೂರ್ಛೆ ರೋಗದವರ ಹಾಳೆಯನ್ನು ಗಾಜಿನ ಮೇಜಿನ ಮೇಲೆ ಹಾಸಿ, ಕೆಳಗಿನ ದೀಪ ಹೊತ್ತಿಸಿ, ಅವರದಲ್ಲದ್ದನ್ನೆಲ್ಲ ರಬ್ಬರಿನಿಂದ ತೆಗೆಯುತ್ತೇನೆ. ಕಣ್ಣು ಮಿಟುಕಿದರೆ ಹಾಳೆಯಲ್ಲಿ ಗುಡ್ಡ ಏಳುತ್ತದೆ. ಹಲ್ಲು ಕಚ್ಚಿದರೆ ಗರಗಸ. ಗೋಡೆಯ ಕರೆಂಟು ಸಣ್ಣಗೆ ಒಂದೇ ಸಮ ನಡುಗುತ್ತದೆ. ಇವನ್ನೆಲ್ಲ ತೆಗೆದು, ತಾಗಿದವರ ಗೆರೆಗಳನ್ನೂ ತೆಗೆದ ಮೇಲೆ ರೋಗಿಯ ಸ್ವಂತದ್ದು ಉಳಿಯುತ್ತದೆ. ಮೂರ್ಛೆ ಶುರುವಾಗುವಾಗ ಮೊದಲ ಕಿಡಿ ಎಲ್ಲಿ ಎದ್ದಿತೋ ಅಲ್ಲಿ ಡಾಕ್ಟರ್ ಹಸೀನಾ ತಲೆಬುರುಡೆ ತೆರೆದು, ಆ ಚೂರು ಕತ್ತರಿಸಿ ತೆಗೆಯುತ್ತಾರೆ. ನಾನು ತಪ್ಪಿದರೆ ಅವರ ಚಾಕು ತಪ್ಪುತ್ತದೆ.

ಇನ್ನೊಂದು ಕೆಲಸವೂ ನನ್ನದೇ. ದಿನಾ ಬೆಳಿಗ್ಗೆ ಎಂಟಕ್ಕೆ ಲಾಲಸಾಬ ರಬ್ಬರು ಕೈಗವಸು ಹಾಕಿಕೊಂಡು ಮೊದಲು ನನ್ನ ತಲೆಗೇ ತಂತಿ ಹಚ್ಚುತ್ತಾನೆ. ಬೇರೆ ಯಾರ ಗೆರೆಯೂ ಬೆರೆಯದ ತಲೆ ಇಟ್ಟುಕೊಂಡೇ ಯಂತ್ರ ಸರಿಯಿದೆಯೇ ಎಂದು ನೋಡಬೇಕು. ಹಾಗಾಗಿ ನಾಲ್ಕು ವರ್ಷದಿಂದ ನಾನು ಯಾರಿಗೂ ತಾಗಿಲ್ಲ. ಊರಿನವರಿಗೆ ನಾನು ‘ಖಾಲಿತಲಿ ಹುಡುಗಿ’. ಬೀದಿಯಲ್ಲಿ ಬಂದರೆ ಎರಡು ಕಡೆಗೂ ಸರಿದು ದಾರಿ ಬಿಡುತ್ತಾರೆ. ಅವ್ವ ಚಹಾದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿದು ನಿಲ್ಲುತ್ತಾಳೆ. ಜನರ ನಡುವೆ ಮಾತು ಹೊರಡದೆ ಒದ್ದಾಡುವ ನನ್ನಂಥವಳಿಗೆ ಈ ಕೆಲಸ ಹೇಳಿ ಮಾಡಿಸಿದ್ದು ಎಂದು ಎಲ್ಲರೂ ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ಬುಧವಾರ ಬೆಳಿಗ್ಗೆ ನನ್ನ ತಲೆಯ ಪರೀಕ್ಷೆ ಮುಗಿದದ್ದೇ ಅಡಿವೆಪ್ಪನವರ ಆ ದಿನದ ಹಾಳೆಯನ್ನೂ ಓಡಿಸಿ ಮೂರೂ ದಿನದ ಹಾಳೆಗಳನ್ನು ಒಟ್ಟಿಗೆ ಹಾಸಿದೆ. ಅಡಿವೆಪ್ಪನವರಿಗೆ ನಮ್ಮ ಕಣ್ಣೆದುರೇ ಮೂರ್ಛೆ ಬಂದದ್ದು ಸೋಮವಾರ ಮಧ್ಯಾಹ್ನ. ಉಸಿರು ನಿಂತು ತುಟಿ ನೀಲಿಯಾಗಿತ್ತು; ಕೈಗವಸು ತೊಟ್ಟ ಮೂವರು ನರ್ಸುಗಳು ಅವರನ್ನು ಹಿಡಿದಿಡಲು ಒದ್ದಾಡಿದ್ದರು. ಅಂದಿನ ಹಾಳೆಯಲ್ಲಿ ಮೊದಲು ಎಡ ಕಣತಲೆಯ ಗೆರೆ ಚಿಮ್ಮಿತ್ತು: ಒಂದು ಎತ್ತರದ ಮೊನೆ, ಹಿಂದೆಯೇ ಎರಡು ಗಿಡ್ಡ ಮೊನೆ, ಆಮೇಲೆ ಸೋತು ಬಿದ್ದಂಥ ಒಂದು ಇಳುಕಲು. ಎರಡು ಸೆಕೆಂಡು ಬಿಟ್ಟು ಬಲಗಡೆ, ಕಿವಿಯ ಹಿಂದೆ, ಬಿರುಗಾಳಿ ಎದ್ದಿತ್ತು. ಆರಂಭ ಎಡಗಡೆ ಎಂದು ನಾನು ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದೆ.

ಈಗ ಎಣಿಸಿ ನೋಡಿದರೆ ಆ ಎಡಗಡೆಯ ಮೊನೆ ದಿನವಿಡೀ ಆಗಾಗ ಬರುತ್ತಲೇ ಇತ್ತು. ಮೂರ್ಛೆಗೆ ಮೊದಲು ಬಂದದ್ದೂ ಮೂರ್ಛೆಗೆ ಸಂಬಂಧವಿಲ್ಲದೆ ತನ್ನ ಪಾಳಿಗೆ ತಾನು ಬಂದದ್ದಿರಬಹುದು. ಇನ್ನೂ ಒಂದು ಇತ್ತು. ಸೋಮವಾರ ಅದು ನನ್ನ ಕಿರುಬೆರಳಿನಷ್ಟು ಎತ್ತರ, ಮಂಗಳವಾರ ಅರ್ಧ, ಬುಧವಾರ ಅಕ್ಕಿಕಾಳಿನಷ್ಟು. ಸಮನಾಗಿ ಇಳಿದಿತ್ತು. ಬಲಗಡೆಯದು ಮಾತ್ರ ಮಂಗಳವಾರ ಮಧ್ಯಾಹ್ನ ಮಾತ್ರೆ ಶುರು ಮಾಡುವ ತನಕ ಇದ್ದ ಹಾಗೇ ಇದ್ದು, ಆಮೇಲೆ ಒಮ್ಮೆಲೇ ತಗ್ಗಿತ್ತು. ಸ್ವಂತದ ಗೆರೆ ಮಾತ್ರೆಗೆ ಬಗ್ಗುತ್ತದೆ. ದಿನದ ಲೆಕ್ಕದಲ್ಲಿ ಇಳಿಯುವುದು ತಾಗಿ ಬಂದದ್ದು. ಆದರೆ ಪಟ್ಟಿಯಲ್ಲಿದ್ದ ಆರು ಜನರಲ್ಲಿ ಯಾರ ಗೆರೆಯೂ ಹೀಗಿರಲಿಲ್ಲ.

ಡಾಕ್ಟರ್ ಹಸೀನಾ ಹಾಳೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. “ನಿನ್ನೆ ಸ್ವಚ್ಛ ಅಂತ ಬರದೀ.”

“ಹೌದ್ರಿ.”

“ಇವತ್ತ ಅಲ್ಲ ಅಂತೀ.”

ನಾನು ಹಾಳೆಯ ಅಂಚನ್ನು ಉಗುರಿನಿಂದ ಒತ್ತುತ್ತಾ ನಿಂತೆ.

“ನೋಡು ನೀಲಾಂಬಿಕಾ, ಆ ಮನುಷ್ಯಾ ಸಂತ್ಯಾಗ ತರಕಾರಿ ಹರಾಜಿನ ಸವಾಲು ಕೂಗಾಂವ. ಎಡಗಡೆ ಆ ಜಾಗದಾಗ ಮಾತು ಕುಂತಿರತೈತಿ. ಅಲ್ಲಿ ಕತ್ತರಸಿದ್ರ ಮಾತು ಉಳೀತದ ಅಂತ ನಾ ಹೇಳಾಂಗಿಲ್ಲ. ಹೋದ್ರ ಹೋಗಲಿ, ಜೀವ ಉಳೀಲಿ ಅಂತ ಅವರ ಒಪ್ಪಿ ಸಹಿ ಹಾಕ್ಯಾರ. ಮಾತ್ರಿ ಎರಡು ದಿನಕ್ಕಿಂತ ಹೆಚ್ಚು ಅವರನ್ನ ತಡ್ಯೂದಿಲ್ಲ. ಇನ್ನೊಮ್ಮೆ ಸೋಮವಾರದಂಗ ಉಸಿರು ನಿಂತ್ರ ತಿರುಗಿ ಬರತಾರೋ ಇಲ್ಲೋ. ನಾಳೆ ಮುಂಜಾನೆ ಎಂಟಕ್ಕ ನಾ ಚಾಕು ಹಿಡೀಲೇಬೇಕು. ಎಡಕ್ಕೋ ಬಲಕ್ಕೋ, ಅದನ್ನ ಹೇಳು.”

“ಎಡಗಡೇದು ಅವರದಲ್ಲ ಅನ್ನಸ್ತದ್ರಿ.”

“ಅನ್ನಸೂದು ಸಾಲೂದಿಲ್ಲ. ಯಾರದು? ಹೆಸರಿಲ್ಲದ ಗೆರಿ ಅಳಸಾಂಗಿಲ್ಲ, ನಿನಗ ಗೊತ್ತೈತಿ. ಸಂಜಿ ತನಕ ಟೈಮ್ ಐತಿ.”

ಲಾಲಸಾಬ ತಂತಿಗಳನ್ನು ಸುತ್ತುತ್ತಾ ನನ್ನ ಮುಖ ನೋಡಿದ. ಅರವತ್ತು ದಾಟಿದ ಆತ ನನ್ನನ್ನು ಬೇಟಿ ಎಂದೇ ಕರೆಯುತ್ತಾನೆ. “ಮನಿಗೆ ಹೋಗಿ ಕೇಳು ಬೇಟಿ. ನಿನಗ ಮಂದೀ ಜೋಡಿ ಮಾತಾಡೂದಂದ್ರ ಹಲ್ಲು ಕಿತ್ತಿಸಿಕೊಂಡಂಗ, ನನಗ ಗೊತ್ತು. ಆದ್ರ ಈ ಹಾಳಿ ನನ್ನ ಕೂಡ ಮಾತಾಡೂದಿಲ್ಲ, ನಿನ್ನ ಕೂಡಾನ ಮಾತಾಡೂದು.”

ಅಡಿವೆಪ್ಪನವರ ಮನೆ ಸಂತೆಕಟ್ಟೆಯ ಹಿಂದೆ. ಒಂದೇ ಮನೆಗೆ ಎರಡು ಬಾಗಿಲು. ನಡುವೆ ಇಟ್ಟಿಗೆ ಏರಿಸಿ ಭಾಗ ಮಾಡಿದ್ದರು. ಆ ಇಟ್ಟಿಗೆ ಹಿತ್ತಲಿನ ತನಕವೂ ಎದೆಮಟ್ಟದ ಗೋಡೆಯಾಗಿ ಹೋಗಿತ್ತು. ಚಂಪವ್ವ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದರು. ನನ್ನನ್ನು ನೋಡಿ ಗಾಬರಿಯಿಂದ ಎದ್ದವರು, ಅಭ್ಯಾಸದಂತೆ ಎರಡು ಮಾರು ಹಿಂದೆ ಸರಿದರು. ಗೋಡೆಯ ಆಚೆ ಯಾರೋ ಗೋಣಿಚೀಲ ಹೊಲೆಯುತ್ತಿದ್ದರು. ದಬ್ಬಣ ಚುಚ್ಚುವ, ಸುತಳಿ ಎಳೆಯುವ ಸದ್ದು ಒಂದಾದ ಮೇಲೊಂದು ಕೇಳುತ್ತಿತ್ತು.

“ಅವರಿಗೇನರ ಆತೇನವಾ?”

“ಇಲ್ರಿ, ಆರಾಮ ಅದಾರ. ಪಟ್ಯಾಗ ಯಾರದರೆ ಹೆಸರು ಬಿಟ್ಟೈತೇನ್ರಿ?”

“ಇಲ್ಲವಾ. ನಾಕು ಸಲ ಕೇಳೀರಿ, ನಾಕು ಸಲ ಹೇಳೇನಿ.”

ಇಲ್ಲಿಗೇ ತಿರುಗಿ ಹೋಗಿಬಿಡಬೇಕು ಅನ್ನಿಸಿತು. ಬೇರೆ ದಿನವಾಗಿದ್ದರೆ ಹೋಗಿಯೂಬಿಡುತ್ತಿದ್ದೆ. ಅಡಿವೆಪ್ಪನವರು ಸೋಮವಾರ ಕುರ್ಚಿಯಲ್ಲಿ ಕೂತು, ತಂತಿ ಹಚ್ಚುವ ಲಾಲಸಾಬನನ್ನೇ ಸವಾಲಿಗೆ ಇಟ್ಟು ಕೂಗಿದ್ದು ನೆನಪಾಯಿತು. ‘ಮುದಿ ಎತ್ತು, ಹಲ್ಲು ಎರಡೇ, ಯಾರರೆ ಹಿಡೀರೆಪ್ಪಾ!’ ಇಡೀ ವಾರ್ಡು ನಕ್ಕಿತ್ತು. ಒಳಗಿನ ಕೋಣೆಯಲ್ಲಿ ಒಬ್ಬಳೇ ಕೂತಿದ್ದ ನಾನೂ ನಕ್ಕಿದ್ದೆ.

“ರವಿವಾರ ಸಂಜೀಕ ಇಲ್ಲಿ ಬಿದ್ದಾಗ ಅವರ ತಲಿ ಯಾರು ಹಿಡದಿದ್ರು?”

“ನಾನ ಹಿಡದಿದ್ದೆ. ಮತ್ತ್ಯಾರು?”

“ನೀವು ಕಾಲು ಹಿಡದಿದ್ದೆ ಅಂತ ಸೋಮವಾರ ಬರಿಸೀರಿ.”

ಚಂಪವ್ವನ ಕೈಯಲ್ಲಿದ್ದ ಬೂದಿಯ ನಾರು ನೆಲಕ್ಕೆ ಬಿತ್ತು. ಅವರ ಕಣ್ಣು ಒಂದು ಗಳಿಗೆ ಗೋಡೆಯ ಕಡೆ ಹೋಗಿ ಬಂತು. ಗೋಡೆಯಾಚೆ ದಬ್ಬಣದ ಸದ್ದು ನಿಂತಿತ್ತು.

“ಆಕೀನ್ನ ಯಾಕ ಕಾಡ್ತೀ ತಂಗಿ?” ಎಂದಿತು ಒಂದು ದಪ್ಪ ದನಿ. ಗೋಡೆಯ ಮೇಲೆ ನರೆತ ಗಡ್ಡದ ಮುಖವೊಂದು ಎದ್ದಿತು. “ನಾ ಹಿಡದಿದ್ದೆ.”

ಅವರು ಸಂಗಪ್ಪ, ಅಡಿವೆಪ್ಪನವರ ಅಣ್ಣ. ಹನ್ನೊಂದು ವರ್ಷದಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ ಎಂಬುದು ಸಂತೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಸಂತೆಗೆ ಹೋಗದ ನನಗೆ ಮಾತ್ರ ಗೊತ್ತಿರಲಿಲ್ಲ. ಚಂಪವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಹೇಳಿದರು. “ಇವರು ಬಿದ್ದ ಸಪ್ಪಳ ಆದ್ರ ಸಾಕು, ಭಾವನವರು ಗೋಡಿ ಜಿಗದು ಬರ್ತಾರ. ತಲಿ ತೊಡೀ ಮ್ಯಾಲ ಇಟಗೊಂಡು ಕುಂಡರ್ತಾರ. ಇವರಿಗೆ ಎಚ್ಚರ ಬರೂದ್ರಾಗ ಹೊಳ್ಳಿ ಹೋಗಿಬಿಡ್ತಾರ. ಆಣಿ ಹಾಕ್ಯಾರವಾ. ತಮ್ಮಗ ಗೊತ್ತಾದ ದಿನಾ ಮತ್ತ ಈ ಗೋಡಿ ಜಿಗ್ಯೂದಿಲ್ಲ ಅಂದಾರ. ಜಿಗೀಲಿಲ್ಲಂದ್ರ ಕಲ್ಲಿಗೆ ಬಡದು ತಲಿ ಒಡೀತದಲ್ಲ, ನಾ ಒಬ್ಬಾಕೀ ಹೆಂಗ ಹಿಡೀಲಿ?”

“ಸಂಗಪ್ಪನವರ, ಹತ್ತು ನಿಮಿಷ ಬಂದು ನಮ್ಮ ಕುರ್ಚ್ಯಾಗ ಕೂಡ್ರಿ,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಎಡಕ್ಕೋ ಬಲಕ್ಕೋ ಎಂಬುದನ್ನೂ, ತಪ್ಪಿದರೆ ತಮ್ಮನ ಮಾತು ಹೋಗುತ್ತದೆ ಎಂಬುದನ್ನೂ ಹೇಗೆ ಹೇಗೋ ಹೇಳಿದೆ.

“ನಾ ಬರೂದಿಲ್ಲ. ಅಂವ ಇರೂ ಸೂರಿನ ಕೆಳಗ ನಾ ಕೂಡೂದಿಲ್ಲ. ಆ ಸಂತ್ಯಾಗ ನನ್ನ ಸವಾಲಿನ ಕಟ್ಟಿ ಮ್ಯಾಲಿಂದ ಇಳಿಸಿದಾಗ ಅಂವ ಒಂದು ಮಾತಾಡಲಿಲ್ಲ. ಮರದಿನ ನನ್ನ ರುಮಾಲು ಸುತಗೊಂಡು ತಾನ ನಿಂತಾ. ಆ ರುಮಾಲು ನಮ್ಮಪ್ಪಂದು. ಅವನ ದನಿ ನನಗಿಂತ…”

ಅಲ್ಲಿಗೆ ನಿಂತರು. ದಬ್ಬಣ ಹಿಡಿದ ಕೈ ಗೋಡೆಯ ಮೇಲೆ ಅರ್ಧಕ್ಕೆ ಎತ್ತಿದ ಹಾಗೇ ಇತ್ತು. ಕಣ್ಣು ತೆರೆದಿತ್ತು, ಆದರೆ ನೋಡುತ್ತಿರಲಿಲ್ಲ. ತುಟಿ ಎರಡು ಸಲ ಸಣ್ಣಗೆ ಚಪ್ಪರಿಸಿತು. ಒಂದು, ಎರಡು, ಮೂರು, ನಾಲ್ಕು, ಐದು ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ.

“…ಗಟ್ಟಿ ಐತಿ ಅಂತ ನಾನೂ ಒಪ್ತೇನಿ,” ಎಂದು ಏನೂ ಆಗದವರಂತೆ ಮುಗಿಸಿದರು.

“ಈಗ ಮಾತಿನ ನಡುವ ನಿಂತ್ರಲ್ರಿ?” ಎಂದೆ.

ಅವರ ಮುಖ ಕಪ್ಪಾಯಿತು. “ನೀನೂ ಅದನ್ನ ಅಂತಿಯೇನು? ಸವಾಲು ಕೂಗ್ತಾ ಬೇಕಂತ ನಿಂದರ್ತಾನ, ತನ್ನವರಿಗೆ ಬೆರಳೆತ್ತಾಕ ಪುರಸೊತ್ತು ಕೊಡ್ತಾನ ಅಂತ ಹೇಳೇ ನನ್ನ ಇಳಿಸಿದ್ರು. ನಮ್ಮವ್ವನ ಆಣಿ, ನಾ ಒಮ್ಮಿನೂ ನಿಂತಿಲ್ಲ!”

ನಿಂತದ್ದು ಅವರಿಗೆ ಗೊತ್ತೇ ಇಲ್ಲ; ಬೀಳಿಸದ, ಐದೆಣಿಸುವಷ್ಟರಲ್ಲಿ ಮುಗಿಯುವ ಮೂರ್ಛೆ ಅದು. ಹನ್ನೊಂದು ವರ್ಷ ಈ ಮನುಷ್ಯ ಸುಳ್ಳು ಹೇಳಿರಲಿಲ್ಲ. ಇಳಿಸಿದವರೂ ಕಣ್ಣಾರೆ ಕಂಡದ್ದನ್ನೇ ಹೇಳಿದ್ದರು. ಎಡಗಡೆಯ ಮೊನೆ ಯಾರದೆಂದು ನನಗೆ ತಿಳಿದುಹೋಗಿತ್ತು. ಆದರೆ ತಿಳಿದದ್ದನ್ನು ಡಾಕ್ಟರು ಕತ್ತರಿಸಲಾರರು. ಅವರಿಗೆ ಹಾಳೆ ಬೇಕು.

ಆಗ ನಾನು ಮಾಡಿದ್ದನ್ನು ಯೋಚಿಸಿ ಮಾಡಿದೆ ಎಂದು ಹೇಳಲಾರೆ. ಗೋಡೆಯ ಹತ್ತಿರ ಹೋಗಿ ಕೈ ಚಾಚಿದೆ. “ನೀವು ಬರಬ್ಯಾಡ್ರಿ. ನಿಮ್ಮ ಕೈಯಷ್ಟ ಕೊಡ್ರಿ. ನಾ ಒಯ್ತೇನಿ.”

ಚಂಪವ್ವ “ಅಯ್ಯ ಶಿವನ!” ಎಂದರು. ಸಂಗಪ್ಪ ನನ್ನ ಕೈಯನ್ನೂ ಮುಖವನ್ನೂ ನೋಡಿದರು. “ನೀ ಖಾಲಿತಲಿ ಹುಡುಗಿ ಅಲ್ಲೇನು? ನಿನಗ ಯಾರೂ ತಾಗಬಾರ್ದಲ್ಲ?”

“ಹೌದ್ರಿ.”

“ಕೆಲಸ ಹೋದೀತು.”

“ಗೊತ್ತಿಲ್ರಿ.”

“ನನ್ನ ಹೆಸರು ಅವನ ಕಿವೀಗೆ ಬೀಳಬಾರ್ದು.”

“ನಾ ಹೆಸರು ಹೇಳೂದಿಲ್ರಿ,” ಎಂದು ಮಾತು ಕೊಟ್ಟುಬಿಟ್ಟೆ.

ಅವರು ಬಲಗೈಯನ್ನು ಧೋತರಕ್ಕೆ ಎರಡು ಸಲ ಒರೆಸಿ ಚಾಚಿದರು. ನಾಲ್ಕು ವರ್ಷದ ಮೇಲೆ ಇನ್ನೊಂದು ಜೀವದ ಅಂಗೈ. ಎಷ್ಟು ಬಿಸಿ ಇರುತ್ತದೆ ಎಂಬುದೇ ಮರೆತುಹೋಗಿತ್ತು. ದಬ್ಬಣ ಒತ್ತಿ ಒತ್ತಿ ಹೆಬ್ಬೆರಳಿನ ಬುಡದಲ್ಲಿ ಗಟ್ಟಿಯಾದ ಗಂಟು, ಬೆರಳಿನ ಸಂದಿಯಲ್ಲಿ ಗೋಣಿಯ ನಾರು. ಎಷ್ಟು ಹೊತ್ತು ಹಿಡಿಯಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. “ಸಾಕೇನು?” ಎಂದು ಅವರೇ ಕೇಳಿದರು. ನಾನು ಕೈ ಎದೆಗೆ ಅವುಚಿಕೊಂಡು ಆಸ್ಪತ್ರೆಯ ತನಕ ಅರ್ಧ ಓಡುತ್ತಾ ಬಂದೆ, ಎಲ್ಲಿ ದಾರಿಯಲ್ಲಿ ಇನ್ನಾರಿಗಾದರೂ ತಾಗಿ ಕಲಸಿಹೋದೀತೋ ಎಂದು.

ವಿಷಯ ತಿಳಿದ ಲಾಲಸಾಬ ಹಣೆ ಹಣೆ ಬಡಿದುಕೊಂಡ. “ಯಾ ಅಲ್ಲಾ! ಇನ್ನ ಮೂರು ದಿನಾ ನನ್ನ ಯಂತ್ರಕ್ಕ ಯಾವ ತಲಿ ತರಲಿ?” ಡಾಕ್ಟರ್ ಹಸೀನಾ ಬೈಯಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. “ಇವತ್ತ ಮುಂಜಾನೆ ಯಂತ್ರ ನೋಡೇವಿ, ಇವತ್ತಿನ ಮಟ್ಟಿಗೆ ನಡೀತದ. ಕೂಡು,” ಎಂದರು.

ಕುರ್ಚಿಯಲ್ಲಿ ಕೂತೆ. ಹಾಳೆ ಓಡತೊಡಗಿತು. ನನ್ನ ಗೆರೆಯ ಕೆಳಗೆ ಇನ್ನೊಂದು ಗೆರೆ ಕಾಣುತ್ತಿತ್ತು. ಲಾಲಸಾಬ ಬೆರಳಿನಿಂದ ತೋರಿಸಿ ತೋರಿಸಿ ಹೇಳುತ್ತಿದ್ದ. ಆದರೆ ಮೊನೆ ಬರಲಿಲ್ಲ. ಹತ್ತು ನಿಮಿಷ. ಇಪ್ಪತ್ತು. ಇದು ಬರೀ ನನ್ನ ಭ್ರಮೆಯಾಗಿದ್ದರೆ? ಆತ ಮಾತಿನ ನಡುವೆ ಸುಮ್ಮನೆ ಯೋಚಿಸುತ್ತಾ ನಿಂತದ್ದೇ ಆಗಿದ್ದರೆ? ಆಗ ಎಡಗಡೆಯ ಮೊನೆ ಅಡಿವೆಪ್ಪನವರದ್ದೇ. ನಾನು ಅದನ್ನು ಅಳಿಸಿಬಿಟ್ಟರೆ ನಾಳೆ ಡಾಕ್ಟರು ರೋಗವಿಲ್ಲದ ಕಡೆ ಕತ್ತರಿಸುತ್ತಾರೆ, ಅವರು ಮತ್ತೆ ಬೀಳುತ್ತಾರೆ, ಉಸಿರು ಮತ್ತೆ ನಿಲ್ಲುತ್ತದೆ. ಅಳಿಸದೆ ಬಿಟ್ಟು, ಅದು ಅವರದಲ್ಲದೆ ಇದ್ದರೆ, ಮಾತು ಹೋಗುತ್ತದೆ, ರೋಗ ಹಾಗೇ ಉಳಿಯುತ್ತದೆ. ಯಾವ ಕಡೆ ಹೊರಳಿದರೂ ನನ್ನ ರಬ್ಬರು.

“ಹಲ್ಲು ಕಚ್ಚಬ್ಯಾಡ ಬೇಟಿ, ಗರಗಸ ಬರಾಕತ್ತೈತಿ,” ಎಂದ ಲಾಲಸಾಬ.

ಮೂವತ್ತೆಂಟನೆಯ ನಿಮಿಷಕ್ಕೆ ಬಂತು. ಒಂದು ಎತ್ತರದ ಮೊನೆ, ಎರಡು ಗಿಡ್ಡ ಮೊನೆ, ಸೋತು ಬಿದ್ದಂಥ ಇಳುಕಲು. ಎಡ ಕಣತಲೆಯಲ್ಲೇ. ನಾನು ತಂತಿ ಕಳಚುವುದಕ್ಕೂ ಕಾಯದೆ ಎದ್ದುಬಿಟ್ಟೆ. ಎರಡು ಹಾಳೆಗಳನ್ನು ಗಾಜಿನ ಮೇಲೆ ಒಂದರ ಮೇಲೊಂದು ಇಟ್ಟು ದೀಪ ಹೊತ್ತಿಸಿದೆವು. ಎತ್ತರ ಬೇರೆ, ನಡಿಗೆ ಒಂದೇ. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, “ಯಾರ ಗೆರಿ ಇದು?” ಎಂದರು.

“ಹೆಸರು ಹೇಳೂದಿಲ್ಲ ಅಂತ ಮಾತು ಕೊಟ್ಟೇನ್ರಿ.”

“ಪಟ್ಟಿ ಓದಿ ಪೇಶಂಟು ಹೌದನ್ನಬೇಕು. ನಿಯಮ ನನ್ನದಲ್ಲ.”

ನಾನು ಪಟ್ಟಿಯಲ್ಲಿ ಏಳನೆಯ ಸಾಲು ಬರೆದೆ.

ಅಡಿವೆಪ್ಪನವರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮಾತ್ರೆಯ ಮಂಪರಿನಲ್ಲಿ ಕಣ್ಣು ಬಾಡಿತ್ತು. ಡಾಕ್ಟರು ನಿಂತಿದ್ದರು, ನಾನು ಮಂಚದಿಂದ ಮೂರು ಹೆಜ್ಜೆ ದೂರ ನಿಂತು ಓದಿದೆ. ಒಂದೊಂದು ಹೆಸರಿಗೂ ಅವರು “ಹೌದು, ತಾಗ್ಯಾರ” ಎಂದರು. ಹುಸೇನಿಯ ಹೆಸರಿಗೆ “ತಾಗ್ಯಾನ, ಕೊಯ್ದೂ ಇಟ್ಟಾನ” ಎಂದು ಗಲ್ಲ ತೋರಿಸಿದರು. ಕೊನೆಗೆ ಏಳನೆಯದನ್ನು ಓದಿದೆ.

“ಗೋಡೆಯಾಚೆಯವರು.”

ಅವರು ಹೊದಿಕೆಯ ಅಂಚನ್ನು ಎರಡು ಬೆರಳಿನಿಂದ ತಿಕ್ಕುತ್ತಾ ಕೂತರು. ಅವರು ಇಲ್ಲ ಅಂದುಬಿಟ್ಟರೆ ಮುಗಿಯಿತು, ಆ ಗೆರೆ ಅವರ ತಲೆಗೇ ಅಂಟಿಕೊಳ್ಳುತ್ತದೆ, ಎಂಟು ಗಂಟೆಗೆ ಎಡಗಡೆ ಕೂದಲು ಹೆರೆಯುತ್ತಾರೆ.

“ಚಂಪಾ ಹೇಳಿದಳೇನು?” ಎಂದರು ಕೊನೆಗೆ.

ನಾನು ತಲೆ ತಗ್ಗಿಸಿದೆ.

“ಬಿದ್ದು ಎದ್ದಾಗೊಮ್ಮೆ ನನ್ನ ಕಾಲರಿಗೆ ಗೋಣಿ ನಾರು ಹತ್ತಿರತಿತ್ತು ತಂಗಿ. ನಮ್ಮ ಮನ್ಯಾಗ ಗೋಣಿ ಎಲ್ಲಿಂದ ಬರಬೇಕು? ಎಂಟು ವರ್ಷಾತು ಗೊತ್ತಾಗಿ. ಒಂದು ನಾರನ್ನೂ ಒಗದಿಲ್ಲ, ರುಮಾಲಿನ ಮಡಿಕ್ಯಾಗ ಇಟ್ಟೇನಿ. ನನಗ ಗೊತ್ತೈತಿ ಅಂತ ಅವಗ ಗೊತ್ತಾದ್ರ ಬರೂದು ಬಿಟ್ಟಾನು ಅಂತ ಸುಮ್ಮನಿದ್ದೆ. ಅದಕ್ಕ ಪಟ್ಯಾಗ ಬರಿಸಲಿಲ್ಲ. ಇಷ್ಟು ಮಂದಿ ಗೆರ್ಯಾಗ ಒಂದು ಗೆರಿ ಏನ ಆದೀತು ಅಂದ್ಕೊಂಡೆ.”

ಡಾಕ್ಟರ್ ಹಸೀನಾ ನನ್ನ ಕೈಯಲ್ಲಿದ್ದ ಪಟ್ಟಿಯ ಕಡೆ ನೋಡಿದರು.

“ಗೋಡೆಯಾಚೆಯವರು ಅಂತ ಯಾಕ ಬರೀತೀ?” ಎಂದರು ಅಡಿವೆಪ್ಪ. “ಸಂಗಪ್ಪ ಅಂತ ಬರಿ. ಹೌದು, ತಾಗ್ಯಾನ.”

ಅಂದು ಸಂಜೆ ನಾನು ಎಡಗಡೆಯ ಮೊನೆಗಳನ್ನೆಲ್ಲ ಅಳಿಸಿದೆ. ಕೆಂಪು ಗುರುತನ್ನು ಬಲಗಡೆಗೆ ಹಾಕಿದೆ. ‘ಸ್ವಚ್ಛ’ ಎಂದು ಬರೆಯುವ ಮೊದಲು ಮೂರು ಸಲ ಮೊದಲಿನಿಂದ ಕೊನೆಯ ತನಕ ನೋಡಿದೆ. ಬರೆದ ಮೇಲೂ ನಂಬಿಕೆ ಬರಲಿಲ್ಲ. ಮನೆಗೆ ಹೋಗಿ ನಡೆದದ್ದನ್ನು ಹೇಳಿದಾಗ ಅವ್ವ ನನ್ನ ಕೆಲಸದ ಗತಿ ಏನು ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಸುಮ್ಮನೆ ಒಳಗೆ ಹೋದಳು. ಕೊಬ್ಬರಿ ಎಣ್ಣೆಯ ಬಟ್ಟಲು ಬಿಸಿ ಮಾಡಿ ತಂದಳು.

“ಹೆಂಗೂ ಮೂರು ದಿನಾ ಕೆಟ್ಟೈತಲ್ಲ. ಬಾ, ಕೂಡು.”

ನಾಲ್ಕು ವರ್ಷದ ಎಣ್ಣೆಯನ್ನು ಒಂದೇ ಸಲಕ್ಕೆ ಹಚ್ಚಿದಳು. ನೆತ್ತಿ ತಟ್ಟುತ್ತಾ ಊರ ಸುದ್ದಿಯನ್ನೆಲ್ಲ ಹೇಳಿದಳು. ನಾನು ಕಣ್ಣು ಮುಚ್ಚಿಕೊಂಡು ನಾಳೆಯ ಎಂಟು ಗಂಟೆಯನ್ನೇ ನೋಡುತ್ತಿದ್ದೆ.

ಗುರುವಾರ ಎಂಟಕ್ಕೆ ಶುರುವಾದದ್ದು ಮುಗಿಯುವಾಗ ಒಂದೂವರೆ. ಅಡಿವೆಪ್ಪನವರಿಗೆ ಎಚ್ಚರವಾದದ್ದು ನಾಲ್ಕಕ್ಕೆ. ಬಾಗಿಲಿನಾಚೆ ಚಂಪವ್ವ, ನಾನು, ಲಾಲಸಾಬ ನಿಂತಿದ್ದೆವು. ಡಾಕ್ಟರು ಬಗ್ಗಿ ಕೇಳಿದರು: “ನಿಮ್ಮ ಹೆಸರು ಹೇಳ್ರಿ.”

ಅವರು ಸೂರು ನೋಡುತ್ತಾ ಮಲಗಿದ್ದರು. ತುಟಿ ಅಲುಗಿತು, ದನಿ ಬರಲಿಲ್ಲ. ಚಂಪವ್ವ ನನ್ನ ತೋಳನ್ನು ಹಿಡಿದುಕೊಂಡದ್ದು ಅವರಿಗೂ ಗೊತ್ತಾಗಲಿಲ್ಲ, ನನಗೂ ಆಮೇಲೆಯೇ ಗೊತ್ತಾದದ್ದು.

“ಬದನಿಕಾಯಿ ಒಂದು ಬುಟ್ಟಿ,” ಎಂದರು ಅಡಿವೆಪ್ಪ, ಸಣ್ಣ ದನಿಯಲ್ಲಿ, ಸಂತೆಯ ರಾಗದಲ್ಲಿ. “ಒಂದನೇ ಸಲ… ಎರಡನೇ ಸಲ…”

ನಿಂತರು. ಒಂದು, ಎರಡು ಎಂದು ನಾನು ಮತ್ತೆ ಎಣಿಸತೊಡಗಿದೆ.

“ನೀರು ಕೊಡ್ರೆಪ್ಪ. ಗಂಟಲಾ ಒಣಗೈತಿ.”

ಲಾಲಸಾಬ ಗೋಡೆಗೆ ಒರಗಿ ಅಲ್ಲೇ ಕುಸಿದು ಕೂತು, “ಮುದಿ ಎತ್ತಿನ ಜೀವಾ ತಗದನಲ್ಲೋ ಮಾರಾಯ,” ಎಂದ.

ಅವರು ಇನ್ನು ಬೀಳುವುದೇ ಇಲ್ಲ ಎಂದು ಡಾಕ್ಟರು ಹೇಳಲಿಲ್ಲ. ಒಂದು ವರ್ಷ ನೋಡಬೇಕು ಎಂದರು. ನನ್ನ ಕೆಲಸದ ಬಗ್ಗೆಯೂ ಏನೂ ಹೇಳಲಿಲ್ಲ. ಯಂತ್ರಕ್ಕಾಗಿ ಗುಡ್ಡದ ನೀರಿನ ಟಾಕಿ ಕಾಯುವ ಮುದುಕನನ್ನು ಕರೆತಂದರು. ಆತ ಎರಡು ವರ್ಷದಿಂದ ಒಂದು ಮೇಕೆಯನ್ನು ಬಿಟ್ಟರೆ ಯಾರಿಗೂ ತಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ನಮ್ಮ ಕೋಣೆಯ ಬಾಗಿಲಲ್ಲಿ ಸಂಗಪ್ಪ ನಿಂತಿದ್ದರು. ಗಡ್ಡ ಹೆರೆದಿರಲಿಲ್ಲ, ಆದರೆ ಒಗೆದ ಅಂಗಿ ಹಾಕಿದ್ದರು. “ನಾ ನಿಂತದ್ದು ಖರೇನ ಏನು, ನೋಡಿ ಹೇಳು,” ಎಂದು ಕುರ್ಚಿಯಲ್ಲಿ ಕೂತರು. ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದಿದ್ದರು.

ನಾನು ಹೊಸ ಪಟ್ಟಿ ತೆಗೆದೆ. “ಮೂರು ದಿನದಾಗ ಯಾರ್ಯಾರು ತಾಗ್ಯಾರ್ರಿ?”

“ಒಬ್ಬಾಂವ ನಮ್ಮ ಅಡಿವೆಪ್ಪ. ಅವಗ ಎಂಟು ವರ್ಷದಿಂದ ಗೊತ್ತಿತ್ತಂತ, ಚಂಪವ್ವ ಹೇಳಿದ್ಲು. ಈಗ ಆ ಕಡಿ ಖೋಲ್ಯಾಗ ಹಾದು ಬಂದೆ. ಕೈ ಹಿಡದಾಂವ ಬಿಡವಲ್ಲ.” ಸ್ವಲ್ಪ ತಡೆದು, “ಇನ್ನೊಬ್ಬಾಕೀ ಹೆಸರು ನನಗ ಗೊತ್ತಿಲ್ಲ. ಏನು ನಿನ್ನ ಹೆಸರು?” ಎಂದರು.

ಹೇಳಿದೆ. “ಹಂಗಾರ ಅದನ್ನ ಬರಿ,” ಎಂದರು.

ನಾಲ್ಕು ವರ್ಷದಲ್ಲಿ ನೂರಾರು ಪಟ್ಟಿ ಬರೆದಿದ್ದೇನೆ. ಎರಡನೆಯ ಸಾಲಿನಲ್ಲಿ ನನ್ನ ಹೆಸರು ಬರೆಯುವಾಗ ಕಾಗುಣಿತ ತಪ್ಪೀತೇನೋ ಎಂದು ಅಂಜಿಕೆಯಾಯಿತು.

ಸಂಜೆಯ ಹೊತ್ತಿಗೆ ಹಾಳೆ ನನ್ನ ಮೇಜಿಗೆ ಬಂತು. ಎತ್ತರದ ಮೊನೆ, ಎರಡು ಗಿಡ್ಡ ಮೊನೆ, ಇಳುಕಲು. ಒಂದು ಗಂಟೆಯಲ್ಲಿ ಮೂರು ಸಲ. ಅವರು ಬೇಕೆಂದು ನಿಂತದ್ದಲ್ಲ ಎಂದು ಸಂತೆಯವರಿಗೆ ಯಾರಾದರೂ ಇದನ್ನು ಓದಿ ಹೇಳಬೇಕು. ಹೇಳುವವಳು ನಾನೇ ಆಗಬೇಕೇನೋ ಎಂದುಕೊಂಡೆ. ಮೊದಲು ಹಾಳೆ ಸ್ವಚ್ಛವಾಗಬೇಕಿತ್ತು. ಕಣ್ಣಿನ ಗುಡ್ಡಗಳನ್ನು ತೆಗೆದೆ. ಕರೆಂಟಿನ ನಡುಕ ತೆಗೆದೆ. ಅಡಿವೆಪ್ಪನವರ ಗೆರೆ ದಟ್ಟವಾಗಿ, ಈಗಷ್ಟೇ ತಾಗಿದಂತೆ ಓಡುತ್ತಿತ್ತು. ಬಲಗಡೆ ಅದು ಶಾಂತವಾಗಿತ್ತು. ಅದನ್ನೂ ತೆಗೆದೆ. ಎಲ್ಲದರ ಕೆಳಗೆ, ಮೂರನೆಯ ದಿನಕ್ಕೆ ಬಹುತೇಕ ಮಾಸಿಹೋದ ಒಂದು ಗೆರೆ ಉಳಿದಿತ್ತು. ಸಣ್ಣದು. ಅಂಜುತ್ತಾ ಏರಿ ಬೇಗ ಇಳಿಯುವಂಥದ್ದು. ದಿನಾ ಬೆಳಿಗ್ಗೆ ನನ್ನ ಹಾಳೆಯಲ್ಲಿ ನೋಡುವ ಗೆರೆ, ಇನ್ನೊಬ್ಬರ ತಲೆಯಲ್ಲಿ ಎಂದೂ ನೋಡಿರದ ಗೆರೆ.

ಲಾಲಸಾಬ ದೀಪ ಆರಿಸಲು ಬಂದು, “ಇನ್ನೂ ಮುಗೀಲಿಲ್ಲೇನು ಬೇಟಿ?” ಎಂದ.

“ಒಂದು ಗೆರಿ ಉಳದೈತಿ,” ಎಂದೆ. ರಬ್ಬರು ಕೈಯಲ್ಲೇ ಇತ್ತು.